ಕಾಂಕ್ರೀಟ್ ಸ್ಪ್ರೇ ಮಾಡಿ ಗುಮ್ಮಟದ ಮನಿ ಕಟ್ಟೋದು ಹೆಂಗ

ಕಲಬುರಗಿ ಕೋಟಿಯೊಳಗಿನ ಜಾಮಿಯಾ ಮಸೀದಿ ನೋಡೀರೇನ್ರಿ? 1367ರಾಗ ಕಟ್ಟಿದ್ದು, ಅಂಗಳ ಸೈತ ಬಿಡದಂಗ ಮ್ಯಾಲೆಲ್ಲ ಗುಮ್ಮಟನ ಅವ. ನನಗಂತೂ ಗುಮ್ಮಟದ ಮ್ಯಾಲಿನ ಆಸೆ ಹತ್ತಿದ್ದ ಅಲ್ಲಿಂದ.

ಮೊದಲ ಬುನಾದಿ ನೋಡ್ರಿ. ನಮ್ಮ ಎರಿ ಮಣ್ಣು ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರಕ ಬಿಡತದ, ಅದಕ್ಕ ಗಟ್ಟಿ ಗರಸು ಸಿಗೋತನಕ ತೋಡಸ್ರಿ, ಇದರಾಗ ರೊಕ್ಕ ಉಳಿಸಾಕ ಹೋಗಬ್ಯಾಡ್ರಿ. ರಾಡ್ ಎಷ್ಟು, ದಪ್ಪ ಎಷ್ಟು ಅನ್ನೋದು ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು, ಅಂದಾಜಿನ ಮ್ಯಾಲ ಬ್ಯಾಡ.

ಆಮ್ಯಾಲ ರಾಡ್ ಬಗ್ಗಿಸಿ ಗುಮ್ಮಟದ ಆಕಾರ ಮಾಡಿ, ಜಾಳಗಿ ಬಿಗಿಯಾಗಿ ಕಟ್ಟಿ, ಕರೆಂಟ್ ಪೈಪು, ಕಿಡಕಿ ಚೌಕಟ್ಟು ಎಲ್ಲಾ ಆಗಲೇ ಕೂಡಸ್ರಿ.

ಸ್ಪ್ರೇ ಮಾಡೋದರಾಗನ ಖರೇ ಕೆಲಸ ಅದ. ನಾಜಲ್, ಅಂದ್ರ ಕಾಂಕ್ರೀಟ್ ಚಿಮ್ಮೋ ಪೈಪಿನ ಬಾಯಿ, ಒಂದರಿಂದ ಒಂದೂವರಿ ಮೀಟರ್ ದೂರ, ಗೋಡಿಗೆ ನೆಟ್ಟಗ ಹಿಡೀಬೇಕು, ಸೊಟ್ಟ ಹಿಡದ್ರ ಮಾಲು ಪುಟದು ಕೆಳಗ ಬೀಳತದ, ರಾಡಿನ ಹಿಂದ ಪೊಳ್ಳು ಉಳೀತದ. ಬಿದ್ದ ಮಾಲು ತುಂಬಿ ಮತ್ತ ಮಷಿನ್‌ಗೆ ಹಾಕಬ್ಯಾಡ್ರಿ, ಅದರಾಗ ಸಿಮೆಂಟ್ ಕಮ್ಮಿ, ಬರೇ ಉಸುಕು ಕಡಿ ಇರತಾವ. ಕೆಳಗಿಂದ ಮ್ಯಾಲಕ್ಕ ಹೋಗ್ರಿ, ಒಮ್ಮೆಲೇ ದಪ್ಪ ಬಡದ್ರ ಜೋತು ಬೀಳತದ, ತೆಳ್ಳಗ ಪದರ ಪದರ ಹಾಕ್ರಿ. ಸ್ಪ್ರೇ ಹೊಡಿಯಾಂವ ಕಣ್ಣಿಗೆ ಚಷ್ಮಾ, ಮುಖಕ್ಕ ಮಾಸ್ಕ್ ಹಾಕ್ಕೊಳ್ಳಲಿ.

ಏಪ್ರಿಲ್ ಮೇದಾಗ ನಮ್ಮ ಬಿಸಲು 40 ಡಿಗ್ರಿ ದಾಟತದ, ಹಂಗಾಗಿ ನಸುಕಿನ್ಯಾಗ ಶುರು ಮಾಡ್ರಿ, ಮುಗದ ಮ್ಯಾಲ ಹಸಿ ಗೋಣಿತಟ್ಟು ಹೊಚ್ಚಿ ಹದಿನಾಕು ದಿನ ಒಣಗಲಾರದಂಗ ನೀರು ಹೊಡೀರಿ, ರಾತ್ರಿ ಮಲಗೋ ಮುಂದೂ ಒಂದ್ಸಲ.