ಮಡಚುವ ಬೆಂಚಿಗೆ ಸೆಂಟ್ರಿಂಗ್ ಪ್ಲೈವುಡ್

ನನ್ನ ಮರಗೆಲಸದ ಬೆಂಚಿನ ಮಡಚುವ ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ್ದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅಂಚಿನಿಂದ ನೀರು ಹೀರಿ ಉಬ್ಬತೊಡಗಿದಾಗ, ಕಡಿಮೆ ಖರ್ಚಿನ, ಬಾಳಿಕೆ ಬರುವ ಬೇರೊಂದು ಮೇಲ್ಮೈಯನ್ನು ಹುಡುಕಬೇಕಾಯಿತು.

ಸಾಗವಾನಿ ಹಲಗೆ ಬೆಲೆಯಲ್ಲಿಯೂ ತೂಕದಲ್ಲಿಯೂ ಹೊರೆ. ಎಂಆರ್ (ತೇವ ನಿರೋಧಕ) ದರ್ಜೆಯ ಪ್ಲೈವುಡ್ ಗಾಳಿಯ ತೇವವನ್ನು ತಾಳುತ್ತದೆಯೇ ಹೊರತು ನೆನೆಯುವುದನ್ನಲ್ಲ. ನೀರನ್ನೂ ತಾಳುವ, ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮರೈನ್ ಪ್ಲೈ ಒಳ್ಳೆಯದು, ಆದರೆ ದುಬಾರಿ. ಕೊನೆಗೆ ಹುಬ್ಬಳ್ಳಿಯಲ್ಲಿ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚು, ಅಂದರೆ ಶಟರಿಂಗ್) ಸಾಮಾನು ಮಾರುವವರ ಬಳಿ, ಎರಡೂ ಬದಿಗೆ ಕಂದು ಬಣ್ಣದ ಫೀನಾಲಿಕ್ ಫಿಲ್ಮ್ (ನೀರು ತಡೆಯುವ ರಾಳದ ತೆಳು ಪದರ) ಕೂರಿಸಿದ 12 ಮಿ.ಮೀ. ಶಟರಿಂಗ್ ಪ್ಲೈವುಡ್‌ನ ಉಳಿಕೆ ತುಂಡೊಂದನ್ನು ಆರಿಸಿದೆ. ಹಸಿ ಕಾಂಕ್ರೀಟನ್ನು ತಾಳಲೆಂದೇ ತಯಾರಾಗುವ ಈ ಹಲಗೆಗೆ ಅಂಟು ಬಲವಾಗಿ ಹಿಡಿಯುವುದಿಲ್ಲ; ಒಣಗಿದ ಫೆವಿಕಾಲ್ ಹನಿಯನ್ನು ಉಳಿಯ ತುದಿಯಿಂದ ಮೀಟಿದರೆ ಚಿಪ್ಪಿನಂತೆ ಎದ್ದು ಬರುತ್ತದೆ.

ಇದರ ದೌರ್ಬಲ್ಯವಿರುವುದು ಕೊಯ್ದ ಅಂಚಿನಲ್ಲಿ. ಅಲ್ಲಿ ಫಿಲ್ಮ್ ಇರುವುದಿಲ್ಲವಾದ್ದರಿಂದ, ಅಂಚನ್ನು ಮರಳು ಕಾಗದದಿಂದ ಉಜ್ಜಿ, ಆಯಿಲ್ ಪೇಂಟನ್ನು ಎರಡು ಸಲ ಬಳಿದು, ಸ್ಕ್ರೂ ರಂಧ್ರಗಳ ಒಳಗೂ ಸಣ್ಣ ಕುಂಚದಿಂದ ಹಚ್ಚಿದೆ. ಸುತ್ತಿಗೆಯ ಪೆಟ್ಟಿಗೆ 12 ಮಿ.ಮೀ. ಹಲಗೆ ಪುಟಿಯುತ್ತದೆ, ಅದಕ್ಕಾಗಿ ಅಡಿಯಲ್ಲಿ ಎರಡು ರೀಪುಗಳನ್ನು ಉದ್ದಕ್ಕೆ ಬಿಗಿದೆ. 18 ಮಿ.ಮೀ. ತೆಗೆದುಕೊಂಡಿದ್ದರೆ ರೀಪು ಬೇಕಾಗುತ್ತಿರಲಿಲ್ಲ, ಆದರೆ ಒಬ್ಬರೇ ಬೆಂಚನ್ನು ಟಂಟಂ ಗಾಡಿಗೆ ಏರಿಸುವುದು ಕಷ್ಟವಾಗುತ್ತಿತ್ತು.

ಫಿಲ್ಮ್ ನುಣುಪಾಗಿರುವುದರಿಂದ ರಂದಾ ಹೊಡೆಯುವಾಗ ತುಂಡು ಜಾರುತ್ತದೆ. ಅದರಡಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಹಾಸುತ್ತೇನೆ. ಡ್ರಿಲ್ ಮಾಡುವಾಗ ಮಾತ್ರ ಫಿಲ್ಮ್ ತೂತಾಗದಂತೆ ಬೆಂಚಿನ ಮೇಲೊಂದು ಹಾರ್ಡ್‌ಬೋರ್ಡ್ ತುಂಡನ್ನು ಇಟ್ಟುಕೊಳ್ಳುತ್ತೇನೆ.