ಸೋತವರಿಗೇ ಮೊದಲ ಆಯ್ಕೆ: ಎನ್‌ಎಫ್‌ಎಲ್ ನಡೆಯುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ ಆಟವನ್ನು ಒಂದೆರಡು ಪಂದ್ಯ ನೋಡಿ ಕಲಿಯಬಹುದಾದರೂ ಅದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅಂಕಪಟ್ಟಿ ಹೊಸಬರಿಗೆ ಸುಲಭವಾಗಿ ಬಗೆಹರಿಯದು. ಆದ್ದರಿಂದ ಮೊದಲು ತಂಡಗಳ ಹಂಚಿಕೆಯನ್ನು ತಿಳಿಯಬೇಕು. ಒಟ್ಟು 32 ತಂಡಗಳು ಎಎಫ್‌ಸಿ, ಎನ್‌ಎಫ್‌ಸಿ ಎಂಬ ಎರಡು ಕಾನ್ಫರೆನ್ಸ್‌ಗಳಲ್ಲಿ ಸಮನಾಗಿವೆ. ಒಂದೊಂದು ಕಾನ್ಫರೆನ್ಸ್‌ನಲ್ಲೂ ನಾಲ್ಕು ತಂಡಗಳ ನಾಲ್ಕು ಡಿವಿಷನ್‌ಗಳಿವೆ.

ಎರಡನೆಯದು ವೇಳಾಪಟ್ಟಿ. ಸೆಪ್ಟೆಂಬರ್‌ನಿಂದ 18 ವಾರಗಳಲ್ಲಿ ಪ್ರತಿ ತಂಡವೂ 17 ಪಂದ್ಯ ಆಡುತ್ತದೆ, ಒಂದು ವಾರ ಬಿಡುವು. ಆರು ಪಂದ್ಯಗಳು ಸ್ವಂತ ಡಿವಿಷನ್‌ನವರೊಡನೆ, ತವರಿನಲ್ಲೊಮ್ಮೆ, ಹೊರಗೊಮ್ಮೆ. ಉಳಿದವುಗಳಲ್ಲಿ ಮೂರು ಪಂದ್ಯಗಳಿಗೆ, ಹಿಂದಿನ ವರ್ಷ ತಮ್ಮ ಡಿವಿಷನ್‌ಗಳಲ್ಲಿ ಅದೇ ಸ್ಥಾನದಲ್ಲಿದ್ದವರೇ ಎದುರಾಳಿಗಳು. ಮಿಕ್ಕವರು ಸರದಿಯಂತೆ ಬರುತ್ತಾರೆ.

ಎಂಟು ಡಿವಿಷನ್ ವಿಜೇತರ ಜೊತೆಗೆ ಪ್ರತಿ ಕಾನ್ಫರೆನ್ಸ್‌ನಿಂದ ಇನ್ನೂ ಮೂರು ತಂಡಗಳು ಸೇರಿ 14 ತಂಡಗಳು ಪ್ಲೇಆಫ್‌ಗೆ ಏರುತ್ತವೆ. ಅಲ್ಲಿ ಸೋತವರು ಮನೆಗೆ; ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಎರಡು ಕಾನ್ಫರೆನ್ಸ್‌ಗಳ ವಿಜೇತರು ಎದುರಾಗುತ್ತಾರೆ.

ಲೀಗ್‌ನ ನಿಜವಾದ ಸ್ವಾರಸ್ಯವಿರುವುದು ಅದರ ನಂತರ ಎಂಬುದು ನನ್ನ ಅಭಿಪ್ರಾಯ. ಕೊನೆಯ ಸ್ಥಾನದ ತಂಡವನ್ನು ಇಂಗ್ಲೆಂಡಿನ ಫುಟ್‌ಬಾಲ್‌ನಂತೆ ಕೆಳದರ್ಜೆಗೆ ತಳ್ಳುವುದಿಲ್ಲ. ಬದಲಿಗೆ, ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಹಕ್ಕು ಅದಕ್ಕೇ ಸಿಗುತ್ತದೆ. ಐಪಿಎಲ್‌ನಂತೆ ಇಲ್ಲಿ ಹರಾಜಿಲ್ಲ, ಆದರೆ ಈ ಹಕ್ಕನ್ನೇ ಕೊಟ್ಟು ತೆಗೆದುಕೊಳ್ಳಬಹುದು. 2023ರಲ್ಲಿ ಷಿಕಾಗೊ ಬೇರ್ಸ್ ತನ್ನ ಮೊದಲ ಆಯ್ಕೆಯನ್ನು ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಬಿಟ್ಟುಕೊಟ್ಟು, ಬದಲಿಗೆ ಡಿ.ಜೆ. ಮೂರ್ ಎಂಬ ಆಟಗಾರನನ್ನೂ ಮರುವರ್ಷದ ಮೊದಲ ಸುತ್ತಿನ ಆಯ್ಕೆಯೂ ಸೇರಿದಂತೆ ಹಲವು ಆಯ್ಕೆಗಳನ್ನೂ ಪಡೆಯಿತು. ಕ್ಯಾರೊಲೈನಾ ಬ್ರೈಸ್ ಯಂಗ್‌ನನ್ನು ಆರಿಸಿಕೊಂಡಿತಾದರೂ ಆ ವರ್ಷ 17ರಲ್ಲಿ ಎರಡೇ ಪಂದ್ಯ ಗೆದ್ದು ತಳ ಸೇರಿತು. ಹೀಗೆ 2024ರ ಮೊದಲ ಆಯ್ಕೆಯೂ ಷಿಕಾಗೊ ಪಾಲಾಗಿ, ಅದು ಕೇಲಬ್ ವಿಲಿಯಮ್ಸ್‌ನನ್ನು ತಂದುಕೊಂಡಿತು.

ಕೊನೆಯದಾಗಿ ಹಣ. ರಾಷ್ಟ್ರೀಯ ಟಿ.ವಿ. ಪ್ರಸಾರದ ಆದಾಯವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ಆಟಗಾರರ ಸಂಬಳಕ್ಕೂ ಮಿತಿಯಿದ್ದು, 2024ರಲ್ಲಿ ಅದು ತಂಡವೊಂದಕ್ಕೆ 25.54 ಕೋಟಿ ಡಾಲರ್ ಆಗಿತ್ತು. ವಿಸ್ಕಾನ್ಸಿನ್‌ನ ಸಣ್ಣ ನಗರ ಗ್ರೀನ್ ಬೇಯ ಪ್ಯಾಕರ್ಸ್ ತಂಡ ನ್ಯೂಯಾರ್ಕ್, ಷಿಕಾಗೊಗಳ ಎದುರು ಇಂದಿಗೂ ನಿಂತಿರುವುದಕ್ಕೆ ಈ ಹಂಚಿಕೆಯೂ ಒಂದು ಕಾರಣ. ಆ ತಂಡಕ್ಕೆ ಒಬ್ಬ ಧಣಿಯಿಲ್ಲ. ಷೇರು ಕೊಂಡ ಲಕ್ಷಾಂತರ ಅಭಿಮಾನಿಗಳೇ ಮಾಲೀಕರು, ಆದರೆ ಅವರಿಗೆ ಲಾಭಾಂಶವೆಂದು ಒಂದು ಕಾಸೂ ಬರುವುದಿಲ್ಲ.