ಆಷಾಢದ ಗಾಳೀಲಿ ಸೆಸ್ನಾ ಇಳಿಸೋದು ಕೊನೆಗೂ ಕೈಗೆ ಬಂತು

ಹೋದ ಆಷಾಢದಲ್ಲಿ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿನ ರನ್‌ವೇ 27ರಲ್ಲಿ (ಪಶ್ಚಿಮಕ್ಕೆ ಮುಖ ಮಾಡಿ ಇಳಿಯೋದು) ಸೆಸ್ನಾ 172 ಅನ್ನೋ ಒಂಟಿ ಇಂಜಿನ್ನಿನ ಪುಟ್ಟ ಪ್ಲೇನ್ ತಗೊಂಡು ಸುಮಾರು ಮೂವತ್ತು ಲ್ಯಾಂಡಿಂಗ್ ಮಾಡ್ದೆ, ಎಲ್ಲಾ ಮಧ್ಯಾಹ್ನದ ಮೇಲೇನೇ, ಟವರ್‌ನೋರು 240ರಿಂದ 14, ಗಸ್ಟ್ 24 ಅಂತ ಹೇಳ್ತಿದ್ದ ದಿನಗಳಲ್ಲಿ. ಅಂದ್ರೆ ನೈಋತ್ಯದಿಂದ, ಇಳಿಯೋವಾಗ ಎಡಗಡೆಯಿಂದ ಓರೆಯಾಗಿ, 14 ನಾಟ್ ಗಾಳಿ (ಒಂದು ನಾಟ್ ಗಂಟೆಗೆ ಸುಮಾರು 1.85 ಕಿ.ಮೀ.), ಮಧ್ಯೆ ಮಧ್ಯೆ 24ಕ್ಕೆ ಏರೋ ಗಾಳಿ ಹೊಡೆತ, ಅದೇ ಗಸ್ಟ್. ಒಂದ್ಸಲಾನೂ ಪುಟೀಲಿಲ್ಲ. ಗಸ್ಟ್ ಇರೋವಾಗ ಫ್ಲೇರ್‌ನಲ್ಲಿ (ನೆಲ ಮುಟ್ಟೋ ಮುಂಚೆ ಮೂಗೆತ್ತಿ ಇಳಿಕೆ ನಿಧಾನ ಮಾಡೋ ಗಳಿಗೇಲಿ) ಇಂಜಿನ್ ಪವರ್ ಪೂರ್ತಿ ತೆಗೀಬಾರ್ದು ಅಂತ ನಾನು ಹೇಳ್ದಾಗ ಜೊತೆಗಿದ್ದೋರೆಲ್ಲಾ "ತೇಲ್ಕೊಂಡು ತೇಲ್ಕೊಂಡು ಬೇಲಿ ಹತ್ರ ಹೋಗಿ ನಿಲ್ತೀಯ" ಅಂದಿದ್ರು, ಅದಕ್ಕೇ ಬರೀತಿದೀನಿ. 1740 ಮೀಟರ್ ರನ್‌ವೇ ಕಣ್ರಪ್ಪಾ, ನಂಗೆ ಅದರಲ್ಲಿ ಅರ್ಧಾನೂ ಬೇಕಾಗ್ಲಿಲ್ಲ.

ಮೊದಲು ಕೆಡಿಸ್ಕೊಂಡಿದ್ದು ಹೇಳ್ತೀನಿ. ಎರಡು ವರ್ಷದ ಹಿಂದೆ, ಹೊರ ರಾಜ್ಯದ ಒಂದು ಫ್ಲೈಯಿಂಗ್ ಕ್ಲಬ್ಬಲ್ಲಿ, ಫುಲ್ ಫ್ಲ್ಯಾಪ್ (ರೆಕ್ಕೆ ಹಿಂದಂಚಿನ ಹಲಗೆ ಪೂರ್ತಿ ಇಳಿಸಿ), ಸ್ಪೀಡ್ 65 ನಾಟ್, ಎಲ್ಲಾ ಪುಸ್ತಕದಲ್ಲಿರೋ ಹಾಗೇ. ನೆಲ ಇನ್ನು ಐದಾರು ಅಡಿ ಇದೆ ಅನ್ನೋವಾಗ ಗಸ್ಟ್ ಹೊಡೀತು, ಪ್ಲೇನ್ ಮೇಲೆದ್ದೋಯ್ತು, ನಾನು ಗಾಬರೀಲಿ ಮೂಗು ಒತ್ತಿದೆ, ಒತ್ತಿದ ಕ್ಷಣಕ್ಕೇ ಗಾಳಿ ಬಿದ್ದೋಯ್ತು. ನೋಸ್ ವೀಲ್ ಮೊದಲು ಬಡೀತು, ಪುಟೀತು, ಮತ್ತೆ ಒತ್ತಿದೆ, ಮತ್ತೆ ಪುಟೀತು, ಮೂರನೇ ಸಲಕ್ಕೆ ಟರ್‌ರ್ ಅಂತ ಸದ್ದು. ಇಳಿದು ನೋಡ್ತೀನಿ, ಪ್ರೊಪೆಲ್ಲರ್‌ನ ಎರಡೂ ತುದಿ ಬಾಳೆ ಸುಳಿ ಥರ ಸುತ್ಕೊಂಡಿದೆ. ಪ್ರೊಪೆಲ್ಲರ್ ನೆಲಕ್ಕೆ ಬಡಿದ್ಮೇಲೆ ಇಂಜಿನ್ ಬಿಚ್ಚಿ ನೋಡ್ಲೇಬೇಕು, ಅದು ಗೊತ್ತಲ್ಲ. ಇನ್ಶೂರೆನ್ಸ್ ಕಳೆದು ನನ್ನ ತಲೆಗೆ ಬಂದಿದ್ದು ಮೂರೂವರೆ ಲಕ್ಷದ ಹತ್ರ, ಅಪ್ಪನ ಎರಡು ವರ್ಷದ ಕಬ್ಬಿನ ದುಡ್ಡು ಅಲ್ಲಿಗೇ ಹೋಯ್ತು. ಅಪ್ಪ ಒಂದು ಮಾತೂ ಅನ್ಲಿಲ್ಲ, ಅದು ಇನ್ನೂ ಕಷ್ಟ ಆಯ್ತು ನಂಗೆ.

ಆಮೇಲೆ ನಾಲ್ಕು ಸಾವಿರ ಕೊಟ್ಟು ಜಾಯ್‌ಸ್ಟಿಕ್ ತಂದು ಕಂಪ್ಯೂಟರ್ ಸಿಮ್ಯುಲೇಟರಲ್ಲಿ ಗಸ್ಟ್ ಹಾಕ್ಕೊಂಡು ತಿಂಗಳುಗಟ್ಲೆ ಕೂತೆ. ಲೆಕ್ಕಕ್ಕೆ ಬರ್ಲಿಲ್ಲ. ಪ್ಲೇನ್ ಕುಸಿಯೋದು ಕಣ್ಣಿಗಿಂತ ಮುಂಚೆ ಸೀಟಿಗೆ ಗೊತ್ತಾಗುತ್ತೆ, ಪ್ಲಾಸ್ಟಿಕ್ ಕುರ್ಚೀಲಿ ಅದೆಲ್ಲಿ ಸಿಗ್ಬೇಕು.

ಅದಕ್ಕಿಂತ ಕಬ್ಬಿನ ಗದ್ದೆ ಜಾಸ್ತಿ ಕಲಿಸ್ತು. ಮದ್ದೂರಿನ ಹತ್ರ ನಮ್ಮ ಗದ್ದೆ ಬದು ಮೇಲೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ಗಸ್ಟ್ ಎಷ್ಟು ಸೆಕೆಂಡಿಗೊಂದು ಬರುತ್ತೆ ಅಂತ ಎಣಿಸ್ತಾ ಕೂತಿದ್ದೆ, ನಮ್ಮ ಮಾವ "ಏನ್ಲಾ ಮಗ, ಕಬ್ಬು ಬೆಳೆಯೋದ್ನ ನೋಡ್ತಾ ಕುಂತಿದ್ದೀಯಾ" ಅಂದ್ರು. ಒಂದೊಂದ್ಸಲ ಎಂಟು ಸೆಕೆಂಡು, ಒಂದೊಂದ್ಸಲ ಮುಕ್ಕಾಲು ನಿಮಿಷ, ತಾಳ ಅಂತೂ ಸಿಗ್ಲಿಲ್ಲ. ಆದ್ರೆ ಒಂದು ಸಿಕ್ತು: ಗಸ್ಟ್ ಬರೋದು ಕಣ್ಣಿಗೆ ಕಾಣುತ್ತೆ. ಗರಿಗಳೆಲ್ಲಾ ಬೆಳ್ಳಗೆ ಮಗುಚ್ಕೊಂಡು ಒಂದು ಗೆರೆ ಥರ ನಮ್ಮ ಕಡೆ ಓಡಿ ಬರುತ್ತೆ. ಈಗ ಫೈನಲ್‌ಗೆ (ರನ್‌ವೇ ನೇರಕ್ಕೆ, ಕೊನೇ ಇಳಿಕೆಗೆ) ತಿರುಗಿದ ತಕ್ಷಣ ಎಡಗಡೆ ತೆಂಗಿನ ಗರಿ ನೋಡ್ತೀನಿ, ವಿಂಡ್ ಸಾಕ್ (ಗಾಳಿ ದಿಕ್ಕು ತೋರ್ಸೋ ಬಟ್ಟೆ ಚೀಲ) ಆಮೇಲೆ.

ನಾನು ಮಾಡೋದು ಇಷ್ಟು. ಫ್ಲ್ಯಾಪ್ 20 ಡಿಗ್ರಿ ಸಾಕು, 30ಕ್ಕೆ ಹೋಗಲ್ಲ. 14 ಮತ್ತು 24ಕ್ಕೆ ಮಧ್ಯೆ 10 ನಾಟ್, ಅದರಲ್ಲಿ ಅರ್ಧ 65ಕ್ಕೆ ಸೇರಿಸಿದ್ರೆ 70, ಅದಕ್ಕಿಂತ ಒಂದು ನಾಟೂ ಜಾಸ್ತಿ ಇಟ್ಕೊಳಲ್ಲ. 65ರಲ್ಲಿ ಬರ್ತಾ ಗಾಳಿ 10 ನಾಟ್ ಬಿದ್ರೆ ಲಿಫ್ಟಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಒಂದೇಟಿಗೆ ಹೋಗುತ್ತೆ, ನಾನು ಬಿದ್ದಿದ್ದು ಅಲ್ಲೇ. ಮುನ್ನೂರು ಅಡಿಯಿಂದಾನೇ ಎಡ ರೆಕ್ಕೆ ತಗ್ಗಿಸಿ ಬಲ ರಡ್ಡರ್ (ಕಾಲಲ್ಲಿ ಒತ್ತೋ ಬಾಲದ ಚುಕ್ಕಾಣಿ) ಹಿಡ್ಕೊಳ್ತೀನಿ, ಗಾಳಿ ಕಡೆ ಓರೆಯಾಗಿ ಬಂದು ಕೊನೇ ಗಳಿಗೇಲಿ ಮೂಗು ನೇರ ಮಾಡೋ ಆಟ ಬೇಡ. ಎಡ ಚಕ್ರ ಕೀಚ್ ಅನ್ನೋ ತನಕ ಥ್ರಾಟಲ್‌ನಲ್ಲಿ (ಇಂಜಿನ್ ಪವರ್ ಏರಿಸಿ ಇಳಿಸೋ ಹಿಡಿ) ಒಂಚೂರು ಪವರ್ ಇದ್ದೇ ಇರುತ್ತೆ, ಕೀಚ್ ಅಂದ್ಮೇಲೇ ಪೂರ್ತಿ ತೆಗೆಯೋದು. ಥ್ರಾಟಲ್ ಮೇಲೆ ಬೆರಳು ಹೆಂಗಿಟ್ರೆ ಕಾಲಿಂಚು ಕಾಲಿಂಚು ಸರಿಯುತ್ತೆ ಅನ್ನೋದು ಮಾತ್ರ ಇಲ್ಲಿ ಬರಿಯಲ್ಲ, ಹ್ಯಾಂಗರ್ ಹತ್ರ ಸಿಕ್ರೆ ತೋರಿಸ್ತೀನಿ.

ಫ್ಲೇರ್‌ನಲ್ಲಿ ಮೇಲೆದ್ರೆ ಸರಿ ಮಾಡೋಕೇ ಹೋಗಲ್ಲ, ಫುಲ್ ಪವರ್, ಗೋ ಅರೌಂಡ್, ಅಂದ್ರೆ ಇಳಿಯೋದು ಬಿಟ್ಟು ಮೇಲೆ ಹೋಗಿ ಮತ್ತೆ ಸುತ್ತಿ ಬರೋದು. ಮೂವತ್ತು ಲ್ಯಾಂಡಿಂಗಿಗೆ ಒಂಬತ್ತೋ ಹತ್ತೋ ಗೋ ಅರೌಂಡ್ ಆಯ್ತು. ಗಂಟೆಗೆ ಹದಿನಾಲ್ಕು ಸಾವಿರದ ಲೆಕ್ಕದಲ್ಲಿ ಒಂದು ಸರ್ಕ್ಯೂಟಿಗೆ (ರನ್‌ವೇ ಸುತ್ತ ಒಂದು ಸುತ್ತು, ಸುಮಾರು ಆರು ನಿಮಿಷ) ಸಾವಿರದ ನಾನೂರು, ಹೋಗ್ಲಿ.

ಎರಡನೇ ವಾರ ಒಂದ್ಸಲ ಮೈಮರೆತೆ. ಟಚ್‌ಡೌನ್ ಚೆನ್ನಾಗೇ ಆಯ್ತು, ಮುಗೀತು ಅಂತ ಯೋಕ್ (ಪ್ಲೇನಿನ ಸ್ಟೇರಿಂಗ್ ಥರದ ಹಿಡಿ, ರೆಕ್ಕೆ ತಗ್ಗಿಸೋದು ಇದರಲ್ಲೇ) ಸಡಿಲ ಬಿಟ್ಟೆ, 35 ನಾಟಲ್ಲಿ ಓಡ್ತಿರೋವಾಗ ಎಡ ರೆಕ್ಕೆ ಎತ್ಕೊಂಡ್ಬಿಡ್ತು, ರನ್‌ವೇ ಅಂಚಿನ ಲೈಟಿಗೆ ಮೀಟರ್ ದೂರದಲ್ಲಿ ಹಿಡಿದೆ. ಅವತ್ತಿಂದ ಸ್ಪೀಡ್ ಇಳೀತಾ ಇಳೀತಾ ಯೋಕ್ ಎಡಕ್ಕೆ ತಿರುಗಿಸ್ತಾ ಹೋಗೋದು, ಪೂರ್ತಿ ತಿರುಗೋ ತನಕ, ಪಾರ್ಕಿಂಗ್ ಬರೋವರೆಗೂ ಗಾಳಿಗೆ ತಕ್ಕ ಹಾಗೆ ಹಿಡ್ದೇ ಇರ್ತೀನಿ.

ಪಕ್ಕದ ಸೀಟಲ್ಲಿದ್ದ ಇನ್‌ಸ್ಟ್ರಕ್ಟರ್ ಸಾರ್‌ಗೂ ಪವರ್ ಇಟ್ಕೊಳ್ಳೋ ವಿಷಯ ಮೊದಲು ಒಪ್ಪಿಗೆ ಇರ್ಲಿಲ್ಲ, ಮೊದಲನೇ ವಾರ ಅವರ ಕೈ ಯೋಕಿಂದ ನಾಲ್ಕು ಬೆರಳು ದೂರದಲ್ಲೇ ಇರ್ತಿತ್ತು. ಕೊನೇ ದಿನ ಗಸ್ಟ್ 26 ಇತ್ತು, ಎಡ ಚಕ್ರ, ಬಲ ಚಕ್ರ, ಆಮೇಲೆ ಮೂಗು ಅಂತ ಒಂದೊಂದೇ ಕೂತ್ಕೊಳ್ತು, ಪಕ್ಕಕ್ಕೆ ನೋಡ್ದೆ, ಸಾರ್ ಎದೆ ಮೇಲೆ ಕೈ ಕಟ್ಕೊಂಡು ಕೂತಿದ್ರು.